ಗಿಡ್ಡಪ್ಪ ಬಾಯಿ ಮುಚ್ಚಿದ ದಿನ

ಹಿಂಗಾರಿ ಜೋಳ ಹಾಲುಗಾಳು ಹಿಡಿದಿದ್ದ ಚಳಿಗಾಲ. ಸಂತೆಕಲ್ಲೂರಿನಲ್ಲಿ ಆಗ ಮನೆಮನೆಗೆ ಫೋನು ಬಂದಿರಲಿಲ್ಲ. ಹೊತ್ತು ಮೂಡುವ ಮುಂಚೆ, ಲಿಂಗಸುಗೂರು ಕಡೆಯಿಂದ ಬರುವ ಮೊದಲ ಬಸ್ಸಿಗೆ ಗಿಡ್ಡಪ್ಪ ಬಂದು ನಿಂತ. ಮಡಿಕೆ ಮುರಿಯದ ಬಿಳಿ ಧೋತರ, ಹೆಗಲಿಗೆ ಬಿಳಿ ಟವೆಲು. ಹೋಗಬೇಕಿದ್ದದ್ದು ಸಿಂಧನೂರಿನ ಆಚೆ ವಳಕಮದಿನ್ನಿಗೆ, ಹೆಂಡತಿ ಶೇಖಮ್ಮನನ್ನು ಕರೆದುಕೊಂಡು ಬರಲು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಶೇಖಮ್ಮ ಬಸುರಿಯಾಗಿದ್ದಳು. ಆ ಸುದ್ದಿ ಗಿಡ್ಡಪ್ಪನ ಹೊಟ್ಟೆಯಲ್ಲಿ ಒಂದು ಹೊತ್ತೂ ನಿಲ್ಲಲಿಲ್ಲ. ಚಾದ ಹೋಟೆಲಿನಲ್ಲಿ ಹೇಳಿದ, ಹಿಟ್ಟಿನ ಗಿರಣಿಯಲ್ಲಿ ಕೂಗಿ ಹೇಳಿದ, ಬಸ್ಸಿನ ಕಂಡಕ್ಟರ್ ಶಾವಲಿಗೂ ಹೇಳಿದ. ಅವನು ಹಾಗೆಯೇ. ತನಗೆ ಮೂಲವ್ಯಾಧಿಯಾದಾಗ ಊರಿಗೆ ಊರೇ ಔಷಧ ಹೇಳಿತ್ತು. ಹೇಳಿಕೊಂಡಾಗ ನಾಲ್ಕು ಮಂದಿ ತನ್ನ ಕಡೆ ತಿರುಗಿ ಕೂರುತ್ತಾರಲ್ಲ, ಆ ಗಳಿಗೆ ಅವನಿಗೆ ರೊಟ್ಟಿಯಷ್ಟೇ ಬೇಕಿತ್ತು.

ಶೇಖಮ್ಮ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ಹೋಗುವಾಗ ಅಂದದ್ದು ಒಂದೇ ಮಾತು: "ನಿನ್ನ ಬಾಯಿ ಸಲುವಾಗಿ ಹೊಂಟೀನಿ."

ಆದ್ದರಿಂದ ಗಿಡ್ಡಪ್ಪ ಗಟ್ಟಿ ಮನಸ್ಸು ಮಾಡಿದ್ದ. ಹೆಂಡತಿ ಮನೆಗೆ ಬರುವ ತನಕ ಮನೆಯ ಮಾತು ಒಂದೂ ಬಾಯಿಂದ ಹೊರಗೆ ಬೀಳಬಾರದು. ಬಿದ್ದರೆ ಆಕೆ ಬರುವುದಿಲ್ಲ.

"ಏನಪಾ ಗಿಡ್ಡಪ್ಪ, ಯಾ ಕಡೆ?" ಶಾವಲಿ ಟಿಕೆಟ್ ಹರಿಯುತ್ತ ಕೇಳಿದ.

"ವಳಕಮದಿನ್ನಿ."

"ಹೆಣ್ತಿನ ಕರಿಯಾಕೇನು? ಸಿಟ್ಟು ಇಳೀತಾ?"

ಗಿಡ್ಡಪ್ಪ ಕಿಟಕಿಯ ಕಡೆ ತಿರುಗಿದ. ತುಂಬಿದ ಜೋಳದ ಚೀಲದ ಬಾಯಿ ಹಿಡಿದುಕೊಂಡಂತೆ ತುಟಿ ಬಿಗಿಹಿಡಿದ. ಹಿಡಿದ ಬಿಗಿಗೆ ಕಣ್ಣಲ್ಲಿ ನೀರು ಬಂತು.

ಮುಂದಿನ ಸೀಟಿನಲ್ಲಿ ಬಳೆ ಮಾರುವ ಶಂಶಾದ್‌ಬೀ ಕುಳಿತಿದ್ದಳು. ತಿರುಗಿ ನೋಡಿದವಳೇ ಎದೆಗೆ ಕೈ ಇಟ್ಟುಕೊಂಡಳು. "ಯಾ ಅಲ್ಲಾ! ಈತ ಸುಮ್ನ ಕುಂತಾನಂದ್ರ ಏನೋ ಆಗೈತಿ. ಮೊನ್ನಿ ತನ್ನ ಮೂಲವ್ಯಾಧಿ ಸುದ್ದೀನ, ನಾ ಬಳಿ ತೋರಿಸಿದಂಗ, ಒಂದೊಂದಾಗಿ ಬಿಡಿಸಿ ಹೇಳ್ಯಾನ ನನಗ."

"ಹೌದಲ್ಲ," ಅಂದ ಶಾವಲಿ.

"ಬಿಳಿ ಧೋತರ ನೋಡು, ಬಿಳಿ ಟವಲ್ ನೋಡು. ಮಾವನ ಊರಿಗೆ ಹೊಂಟಾನ."

ಶಾವಲಿ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. "ಗಿಡ್ಡಪ್ಪಾ, ನಿಮ್ಮ ಮಾವ ಪಕೀರಪ್ಪ ಹೋಗಿಬಿಟ್ನೇನೋ?"

ಅಲ್ಲ ಅನ್ನಲು ಗಿಡ್ಡಪ್ಪ ಬಾಯಿ ತೆರೆಯಬೇಕಿತ್ತು. ಒಮ್ಮೆ ತೆರೆದರೆ ಮುಚ್ಚಲಿಕ್ಕೆ ಬರುವುದಿಲ್ಲ ಎಂಬುದು ಅವನಿಗೇ ಗೊತ್ತಿತ್ತು. ಸುಮ್ಮನೆ ತಲೆ ಅಲ್ಲಾಡಿಸಿದ. ಕಣ್ಣೀರು ಕೆನ್ನೆಗೆ ಇಳಿಯಿತು.

"ಕೇಳಬ್ಯಾಡ್ರಿ ಆತನ್ನ," ಅಂದಳು ಶಂಶಾದ್‌ಬೀ. "ತಡಕೊಳಾಕ ಆಗವಲ್ದು."

ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ಒಳಗಿದ್ದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಲ್ಲಿ ಚಾಕ್ಕೆ ಬಸ್ಸು ನಿಂತಿತು. ಗಿಡ್ಡಪ್ಪ ಇಳಿಯಲಿಲ್ಲ. ಚಾ ಕುಡಿಯಲಿಕ್ಕೂ ಬಾಯಿ ತೆರೆಯಬೇಕಲ್ಲ ಎಂದು ಕಣ್ಣು ಮುಚ್ಚಿ ಕುಳಿತ. ಶಾವಲಿ ಕೆಳಗಿಳಿದು, ಪಕೀರಪ್ಪನ ಹೆಂಡತಿಯ ತಮ್ಮ ಲಾಲಪ್ಪನನ್ನು ಹುಡುಕಿ ಸುದ್ದಿ ಮುಟ್ಟಿಸಿದ. ಲಾಲಪ್ಪನದು ಬಾಡಿಗೆ ಟೆಂಪೋ. ಸಿಕ್ಕ ಬಂಧು ಬಳಗವನ್ನು ತುಂಬಿಕೊಂಡು ಬಸ್ಸಿಗಿಂತ ಮುಂಚೆಯೇ ಹಾರಿದ.

ಗಿಡ್ಡಪ್ಪ ಸಿಂಧನೂರಿನಲ್ಲಿ ಬಸ್ಸು ಬದಲಿಸಿ ವಳಕಮದಿನ್ನಿಯಲ್ಲಿ ಇಳಿದಾಗ ಮಾವನ ಮನೆಯ ಮುಂದೆ ಜಾಗವೇ ಇರಲಿಲ್ಲ. ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನಟ್ಟನಡುವೆ, ಗದ್ದೆಯ ಕೆಸರುಗಾಲಲ್ಲಿ ಪಕೀರಪ್ಪನೇ ನಿಂತಿದ್ದ.

"ಯಾರು ಸತ್ತಾರ? ಬಾಯಿಬಿಟ್ಟು ಹೇಳ್ರಲೇ!"

ಲಾಲಪ್ಪ ತಲೆ ತಗ್ಗಿಸಿದ. "ಭಾವಾ, ನೀನೇ ಹೋಗೀದಿ ಅಂತ ಬಂದೀವಿ."

ಪಕೀರಪ್ಪ ತನ್ನ ಕೆಸರುಗಾಲು ನೋಡಿಕೊಂಡ. "ಹಂಗಾರ ನನಗ್ಯಾಕ ಯಾರೂ ಹೇಳಿಲ್ಲ?"

ಅಷ್ಟರಲ್ಲಿ ಶೇಖಮ್ಮ ಬಾಗಿಲಿಗೆ ಬಂದಳು. ಗಂಡನನ್ನು ಕಂಡಳು. "ಈ ಸುದ್ದಿ ಹಬ್ಬಿಸಿದಾವನೂ ನೀನೇನು?"

ಗಿಡ್ಡಪ್ಪನ ಚೀಲದ ಬಾಯಿ ಬಿಚ್ಚಿತು. "ಇಲ್ಲ ಶೇಖೂ! ಊರು ಬಿಟ್ಟಾಗಿಂದ ಊರ ಹೆಸರು ಬಿಟ್ರ ಒಂದು ಮಾತು ಆಡಿಲ್ಲ. ನೀ ಅಂದಂಗ ಕೇಳೀನಿ. ಬಾ, ಮನಿಗೆ ಹೋಗೂಣು."

"ಖರೇನ ಐತವ್ವಾ," ಅಂದ ಲಾಲಪ್ಪ. "ಈತ ಏನೂ ಹೇಳಿಲ್ಲಂತ. ಅದಕ್ಕ ನಾವು ತಿಳ್ಕೊಂಡ್ವಿ."

ಶೇಖಮ್ಮ ನಗಲಿಲ್ಲ. "ಮಾತಾಡಬ್ಯಾಡ ಅಂತ ನಾ ಯಾವಾಗ ಅಂದೆ? ಅದು ನನ್ನ ಸುದ್ದಿ ಇತ್ತು. ಇಷ್ಟು ವರ್ಷಕ್ಕ ನನಗೂ ಒಂದು ಹೇಳೂ ಸುದ್ದಿ ಬಂದಿತ್ತು. ಇಲ್ಲಿಗೆ ಬಂದು ನಮ್ಮವ್ವನ ಕಿವ್ಯಾಗ ಹೇಳಬೇಕಂತ ಮಾಡಿದ್ದೆ. ಅಷ್ಟರಾಗ ಬಸುರಿ ಬಾಯಿಗಂತ ನಮ್ಮವ್ವನ ಕಡಿಂದ ಕಂಡಕ್ಟರ್ ಕೈಲೆ ಉಪ್ಪಿನಕಾಯಿ ಬಂತು."

ಅಳು ನಿಂತಿತು. ಮಸ್ಕಿಯಿಂದ ಬಂದಿದ್ದ ಒಬ್ಬ ಮುದುಕಿ ಮೂಗು ಒರೆಸಿಕೊಂಡು ಅಂದಳು: "ನಮಗ ಯಾರೂ ಹೇಳಿಲ್ಲ ಯವ್ವಾ. ನೀ ಹೇಳು."

ಮಣ್ಣು ಮಾಡಲೆಂದು ಬಂದವರು. ದಿನವೆಲ್ಲ ಬಿಡುವು ಮಾಡಿಕೊಂಡೇ ಬಂದಿದ್ದರು. ಎಲ್ಲರೂ ಅಂಗಳದಲ್ಲಿ ಶೇಖಮ್ಮನ ಕಡೆ ತಿರುಗಿ ಕುಳಿತರು. ಅವಳು ಮೊದಲ ವಾಂತಿಯಿಂದ ಶುರು ಮಾಡಿದಳು. ದನಿ ಮೊದಲು ಸಣ್ಣಗಿತ್ತು, ಆಮೇಲೆ ಏರಿತು. ಗಂಡ ದಿನಾ ರಾತ್ರಿ ತನ್ನ ಹೊಟ್ಟೆಗೆ ಬಾಯಿ ಹಚ್ಚಿ ಜೋಗುಳ ಹಾಡುತ್ತಾನೆಂದೂ, ಆ ದನಿಗೆ ಕೊಟ್ಟಿಗೆಯ ಎಮ್ಮೆ ಹಗ್ಗ ಜಗ್ಗುತ್ತದೆಂದೂ, ಹಾಡಿ ಮುಗಿಸಿ ತಾನೇ ಅಳುತ್ತಾನೆಂದೂ ಹೇಳಿದಳು.

ಊರಿಗೆಲ್ಲ ಎಲ್ಲವನ್ನೂ ಹೇಳಿದ್ದ ಗಿಡ್ಡಪ್ಪ ಅದೊಂದನ್ನು ಯಾರಿಗೂ ಹೇಳಿರಲಿಲ್ಲ. ಬಿಳಿ ಟವೆಲು ಮುಖಕ್ಕೆ ಎಳೆದುಕೊಂಡ.

ಮರುದಿನ ಊರ ಹೆಂಗಸರೂ ಬಂದು ಕುಳಿತರು. ಗಿಡ್ಡಪ್ಪ ಮೆಲ್ಲಗೆ ಕೇಳಿದ: "ಶೇಖೂ, ಹೋಗೂಣೇನು?"

ಅವಳ ಮುಖದಲ್ಲಿ ಅವನು ಅಂಥ ಕಳೆಯನ್ನು ಎಂದೂ ಕಂಡಿರಲಿಲ್ಲ. "ನೀ ಹೋಗು. ನನಗ ಇನ್ನೂ ಎರಡು ಓಣಿ ಉಳದಾವ. ಹಡದ ಮ್ಯಾಲೆ ಬರ್ತೀನಿ."

ವಾಪಸು ಬಸ್ಸಿನಲ್ಲಿ ಪಕ್ಕದ ಮನುಷ್ಯ ಗುರುತಿನವನಲ್ಲ. ಗಿಡ್ಡಪ್ಪನಿಗೆ ತಡೆಯಲಾಗಲಿಲ್ಲ. "ಅಣ್ಣಾ, ನಮ್ಮ ಮನ್ಯಾಗ..." ಎಂದು ಬಾಯಿ ತೆಗೆದ.

"ಗೊತ್ತೈತಿ ಬಿಡಪಾ," ಅಂದ ಆತ. "ಜೋಗುಳ ಹಾಡಾವ ನೀನೇ ಅಲ್ಲೇನು?"

ಅಳಲು ಬಂದವರು ಹಿಂದಿನ ಸಂಜೆಗೇ ಟೆಂಪೋ ಹತ್ತಿ, ದಾರಿಯುದ್ದಕ್ಕೂ ಆ ಸುದ್ದಿ ಹಂಚುತ್ತ ಹೋಗಿದ್ದರು. ಗಿಡ್ಡಪ್ಪ ಹೋದದ್ದು ಮರುದಿನ, ಒಬ್ಬನೇ.