ಚಿಗವ್ವ ಎಣಿಸಿದ ಹಲ್ಲುಗಳು

ನಮ್ಮ ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಯಾವುದನ್ನೂ ಮುಖ ನೋಡಿ ನಂಬುವುದಿಲ್ಲ. ಹಲ್ಲು ಎಣಿಸಿ ನಂಬುತ್ತಾಳೆ. ಮನುಷ್ಯರ ಹಲ್ಲಲ್ಲ, ಗಾಡಿಯ ಗೇರಿನ ಹಲ್ಲು. ಕುಷ್ಟಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ಅವಳು. ಮದುವೆಯ ಮಾತೆತ್ತಿದವರನ್ನೆಲ್ಲ, "ಆ ಲೆಕ್ಕದಾಗ ಗೊತ್ತಿಲ್ಲದ ಸಂಖ್ಯೆ ಭಾಳ ಅದಾವ್ರಿ" ಎಂದು ಚಹಾ ಕೊಟ್ಟು ಕಳಿಸಿದವಳು. ನಿವೃತ್ತಿಯಾದ ಮೇಲೆ ಅವಳ ಓರಗೆಯವರು ಕಾಶಿಗೆ ಹೋದರು, ಭಜನಾ ಮಂಡಳಿ ಸೇರಿದರು, ಮಂಡಿನೋವಿನ ಎಣ್ಣೆಗಳ ಬಗ್ಗೆ ಒಬ್ಬರಿಗೊಬ್ಬರು ಸಲಹೆ ಕೊಡತೊಡಗಿದರು. ನಮ್ಮ ಚಿಗವ್ವ ಏನು ಮಾಡಿದಳು? ಒಂದು ಹಳೆಯ ಜೀಪು ಕೊಂಡಳು.

ಅದೂ ಸಾಮಾನ್ಯ ಜೀಪಲ್ಲ. ಶ್ರೀರಾಮನಗರದ ಭತ್ತದ ವ್ಯಾಪಾರಿಯೊಬ್ಬರ ಮಗ ಅದನ್ನು ಒಂದು ಗೇಣು ಮೇಲಕ್ಕೆತ್ತಿಸಿ, ಟ್ರ್ಯಾಕ್ಟರು ನಾಚುವಂಥ ಟೈರು ಹಾಕಿಸಿ, ನಾಲ್ಕು ಫೋಟೋ ತೆಗೆಸಿಕೊಂಡು, ಬೇಸರವಾಗಿ ಮಾರಲು ಇಟ್ಟಿದ್ದ. ಬೇಸರಕ್ಕೆ ಕಾರಣವಿತ್ತು. ನೋಡಲು ಆನೆಯಂತಿದ್ದ ಆ ಜೀಪಿಗೆ ಏರು ಕಂಡರೆ ಉಬ್ಬಸ. ಚಿಗವ್ವ ಅದನ್ನು ಮೊದಲ ಸಲ ಕೊಪ್ಪಳದ ನಮ್ಮ ಮನೆಗೆ ತರುವಾಗ, ದಾರಿಯ ದಿಬ್ಬದಲ್ಲಿ ಮೆಕ್ಕೆಜೋಳ ಹೇರಿದ ಟ್ರ್ಯಾಕ್ಟರೊಂದು ಅವಳನ್ನು ಹಿಂದೆ ಹಾಕಿತಂತೆ. ಅದನ್ನು ಓಡಿಸುತ್ತಿದ್ದವನು ತಿರುಗಿ, "ಅಕ್ಕೋರ, ಇಳದು ತಳ್ಳಲೇನ್ರಿ?" ಎಂದು ವಿನಯದಿಂದ ಕೇಳಿದನಂತೆ. ಅವನು ಅವಳ ಹಳೆಯ ವಿದ್ಯಾರ್ಥಿ.

ಜೀಪು ಬಂದು ನಿಂತಾಗ ಓಣಿಯೆಲ್ಲ ಬಾಗಿಲಿಗೆ ಬಂತು. ಅವಳು ಅದನ್ನು ಹತ್ತಿ ಇಳಿಯುವುದೇ ಒಂದು ನೋಟ. ಹಗ್ಗ ಕಟ್ಟಿದ ಒಂದು ಸ್ಟೂಲು. ಇಲಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ಅದರ ಮೇಲೆ ಕಾಲಿಟ್ಟು ಹತ್ತುವುದು, ಹತ್ತಿ ಕುಳಿತ ಮೇಲೆ ಬಾವಿಯಿಂದ ಕೊಡ ಸೇದಿದಂತೆ ಸ್ಟೂಲನ್ನು ಮೇಲಕ್ಕೆ ಸೇದಿಕೊಳ್ಳುವುದು.

ಅವ್ವ ಒಳಗಿನಿಂದಲೇ, "ಈ ವಯಸ್ಸಿನಾಗ ನಿನಗ ಬುದ್ಧಿ ಐತೇನು?" ಎಂದಳು.

"ಬುದ್ಧಿ ಐತಕ್ಕಾ. ಜೀಪಿಗೆ ಶಕ್ತಿ ಇಲ್ಲ."

ಇಂಜಿನ್ ಬದಲಿಸು ಎಂದು ಓಣಿಯವರೆಲ್ಲ ಸಲಹೆ ಕೊಟ್ಟರು. ವಾಹನಗಳ ಬಗ್ಗೆ ಹಾರ್ನಿನ ಆಚೆಗೆ ಏನೂ ಗೊತ್ತಿಲ್ಲದ ನಾನೂ ಕೊಟ್ಟೆ.

"ತಮ್ಮಾ, ಇಂಜಿನ್ನಿಗೆ ಏನೂ ಆಗಿಲ್ಲ" ಎಂದು ಚಿಗವ್ವ ಅಡುಗೆಮನೆಗೆ ಹೋಗಿ ಒಣಗಿ ಗಟ್ಟಿಯಾದ ಎರಡು ಕಟಕ ರೊಟ್ಟಿ ತಂದಳು, ಒಂದು ಸಣ್ಣದು, ಒಂದು ದೊಡ್ಡದು. ಎರಡನ್ನೂ ಗಾಲಿಯಂತೆ ನಿಲ್ಲಿಸಿ ನೆಲದ ಮೇಲೆ ಉರುಳಿಸಿದಳು. "ನೋಡು, ಒಂದ ಸುತ್ತಿಗೆ ದೊಡ್ಡದು ಎಷ್ಟು ಮುಂದ ಹೋತು. ಆ ಹುಡುಗ ಟೈರ್ ದೊಡ್ಡದು ಮಾಡ್ಯಾನ, ಒಳಗಿನ ಹಲ್ಲು ಹಂಗ ಬಿಟ್ಟಾನ. ಪಾಪ, ಇಂಜಿನ್ನಿಗೆ ಪ್ರತಿ ಸುತ್ತಿಗೂ ಭಾರ ಬೀಳಾಕತ್ತೈತಿ. ಬದಲಿ ಮಾಡಬೇಕಾದ್ದು ಕ್ರೌನು-ಪಿನಿಯನ್ನು."

ಎರಡು ಗಾಲಿಗಳ ನಡುವಿನ ಉಬ್ಬಿದ ಕಬ್ಬಿಣದ ಗುಂಡಿನೊಳಗೆ ಒಂದಕ್ಕೊಂದು ಹಲ್ಲು ಕಚ್ಚಿ ತಿರುಗುವ ದೊಡ್ಡ ಗೇರಿಗೆ ಕ್ರೌನೆಂದೂ ಸಣ್ಣದಕ್ಕೆ ಪಿನಿಯನ್ನೆಂದೂ ಹೆಸರು ಎಂದು ನನಗೆ ಆಗ ತಿಳಿಯಿತು. ಅವ್ವ ಮಾತ್ರ ಇಷ್ಟಕ್ಕೆಲ್ಲ ಬೆರಗಾಗುವವಳಲ್ಲ. ತನ್ನ ಕಡೆಗೆ ಉರುಳಿಬಂದ ದೊಡ್ಡ ರೊಟ್ಟಿಯನ್ನು ಕುಳಿತಲ್ಲೇ ಹಿಡಿದು, ಮುರಿದು, ಶೇಂಗಾ ಚಟ್ನಿಯ ಜೊತೆ ತಿಂದಳು.

ಗಂಗಾವತಿಯಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಚಿಗವ್ವ ಅವರಲ್ಲಿಗೆ ಹೋದಳು. ರಜೆಯಿದ್ದ ತಪ್ಪಿಗೆ ನಾನೂ ಹೋದೆ. ಉಸ್ತಾದ್ ಜೀಪಿನ ಸುತ್ತ ಒಂದು ಸುತ್ತು ಹಾಕಿ ಮೆಚ್ಚಿಕೊಂಡರು.

"ಅಕ್ಕೋರ, ಮೊದಲ ಲಾಕರ್ ಹಾಕೂಣ್ರಿ. ಒಂದು ಗಾಲಿ ಗಾಳ್ಯಾಗ ನಿಂತ್ರೂ ಎರಡೂ ಕೂಡೇ ತಿರಗ್ತಾವ. ಗುಡ್ಡ ಜಿಗದು ಹೊಕ್ಕೈತಿ ಗಾಡಿ."

"ಜಿಗಿಯೂದು ಬ್ಯಾಡ್ರಿ ಉಸ್ತಾದ್. ಹಗೂರಕ ಏರಬೇಕು. ಎಷ್ಟು ಹಗೂರ ಅಂದ್ರ, ನೀರು ತುಂಬಿದ ಚರಿಗಿ ಇಟ್ರ ಹನಿ ಚೆಲ್ಲಬಾರದು."

"ಅಷ್ಟು ಸಣ್ಣ ಪಿನಿಯನ್ ಹಾಕಿದ್ರ ಡಾಂಬರ್ ರೋಡಿನ್ಯಾಗ ಸೈಕಲ್ಲಿನವ್ರೂ ಮುಂದ ಹೋಗ್ತಾರ್ರಿ."

"ಹೋಗ್ಲಿ ಬಿಡ್ರಿ. ಅವರಿಗೂ ಕೆಲಸ ಇರ್ತಾವ."

ಉಸ್ತಾದ್ ಸಹಾಯಕ್ಕೆಂದು ನನ್ನ ಮುಖ ನೋಡಿದರು. ನಾನು ಗ್ಯಾರೇಜಿನ ತಗಡಿನ ಛಾವಣಿ ನೋಡಿದೆ.

ಬಿಡಿಭಾಗ ಕೊಳ್ಳಲು ಕೊಪ್ಪಳದ ಒಂದು ಅಂಗಡಿಗೆ ಹೋದೆವು. ಮುಂದಿನ ಗಾಲಿಗಳಿಗೆ ಒಂದು ಜೊತೆ, ಹಿಂದಿನವಕ್ಕೆ ಒಂದು ಜೊತೆ. ಅಂಗಡಿಯವರು ಒಂದೇ ನಂಬರಿನ ಎರಡು ಡಬ್ಬಿ ತಂದಿಟ್ಟರು. ಇನ್ನೊಬ್ಬರಾಗಿದ್ದರೆ ಎತ್ತಿಕೊಂಡು ಬರುತ್ತಿದ್ದರು. ಚಿಗವ್ವ ವ್ಯಾನಿಟಿ ಬ್ಯಾಗಿನಿಂದ ಸೀಮೆಸುಣ್ಣ ತೆಗೆದಳು. ಮೊದಲ ಹಲ್ಲಿಗೆ ಗುರುತು ಹಾಕಿ, ಬೆರಳಿಟ್ಟು ಒಂದೊಂದಾಗಿ ಎಣಿಸಿದಳು. ಒಂದು ಜೊತೆಯಲ್ಲಿ ದೊಡ್ಡದಕ್ಕೆ ನಲವತ್ತಮೂರು, ಸಣ್ಣದಕ್ಕೆ ಎಂಟು. ಇನ್ನೊಂದರಲ್ಲಿ ಸಣ್ಣದಕ್ಕೆ ಒಂಬತ್ತು.

"ಡಬ್ಬಿ ಮ್ಯಾಲೆ ಒಂದ ನಂಬರ್ ಐತಲ್ರಿ ಮೇಡಂ" ಎಂದರು ಅಂಗಡಿಯವರು.

"ಡಬ್ಬಿ ತಿರಗಂಗಿಲ್ರಿ. ಹಲ್ಲು ತಿರಗ್ತಾವ."

ಎಂಟಿದ್ದರೇನು, ಒಂಬತ್ತಿದ್ದರೇನು, ಒಂದು ಹಲ್ಲಿನ ಸಲುವಾಗಿ ಇಷ್ಟು ಹಟವೇ ಎಂದು ನಾನು ಹೊರಗೆ ಬಂದು ಕೇಳಿದೆ. "ನಾಲ್ಕೂ ಗಾಲಿ ಕೂಡೇ ಎಳಿಯೂವಾಗ ಮುಂದಿನವು ಒಂದು ಲೆಕ್ಕ, ಹಿಂದಿನವು ಒಂದು ಲೆಕ್ಕ ಹಿಡದ್ರ ಏನಾಕ್ಕೈತಿ? ನಾನೂ ನಿಮ್ಮವ್ವನೂ ಒಂದ ಮನ್ಯಾಗ ಇದ್ದಂಗ ಆಕ್ಕೈತಿ" ಎಂದಳು. ತಕ್ಷಣ ಅರ್ಥವಾಯಿತು. ಇಷ್ಟು ಸ್ಪಷ್ಟವಾಗಿ ನನಗೆ ಯಾವ ಮೇಷ್ಟರೂ ಪಾಠ ಹೇಳಿರಲಿಲ್ಲ. ಅಂಗಡಿಯವರು ಸರಿಯಾದ ಜೊತೆ ತರಿಸಿ ಕೊಟ್ಟರು. ಈಗ ಅವರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಒಂದು ಸೀಮೆಸುಣ್ಣದ ತುಂಡು ಇದೆ.

ಹೊಸ ಹಲ್ಲು ಕೂಡಿಸಿದ ಮೇಲೆ ಪರೀಕ್ಷೆ ನಡೆದದ್ದು ಸಾಣಾಪುರದ ಕೆರೆಯ ಬಳಿಯ ಬಂಡೆಗಳ ನಡುವೆ. ಜೀಪು ಅರ್ಧ ಏರು ಏರಿತು, ಟಣ್ ಎಂದಿತು, ನಿಂತಿತು. ಎತ್ತರಿಸಿದ ಜೀಪಾದ್ದರಿಂದ, ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟು ವಿಪರೀತ ಓರೆಯಾಗಿ, ಅದರ ತುದಿಯ ಕೀಲು ಮುರಿದಿತ್ತು. ಬೇರೆ ಯಾರಾದರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಚಿಗವ್ವ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತೆಗೆದುಕೊಂಡು ಜೀಪಿನ ಕೆಳಗೆ ತೂರಿದಳು. ಕೆರೆ ನೋಡಲು ಬಂದಿದ್ದ ಪ್ರವಾಸಿಗರು ಕೆರೆಯನ್ನು ಬಿಟ್ಟು, ಜೀಪಿನಡಿಯಿಂದ ಹೊರಚಾಚಿದ್ದ ಕಾಲುಂಗುರವಿಲ್ಲದ ಎರಡು ಪಾದಗಳ ಫೋಟೋ ತೆಗೆದರು.

ಉಸ್ತಾದರಿಗೆ ಅಲ್ಲಿಂದಲೇ ಫೋನು ಹೋಯಿತು. ಶಾಫ್ಟಿನ ಓರೆಯ ಡಿಗ್ರಿ ಕೇಳಿ ಅವರು, "ನಾ ಕಣ್ಣಳತಿಲೆ ಅಂದಾಜು ಮಾಡಿದ್ದೂ ಅಷ್ಟ ಇತ್ರಿ ಅಕ್ಕೋರ" ಎಂದರು. ಮರುವಾರ, ಓರೆಯನ್ನು ಹಂಚಿಕೊಳ್ಳಲೆಂದು ಒಂದೇ ಕಡೆ ಎರಡು ಕೀಲಿರುವ ಶಾಫ್ಟು ಕೂಡಿಸಿದರು. ಅದೇ ಏರಿನಲ್ಲಿ, ಹೊಳೆಯುವ ಹೊಸ ಗಾಡಿಯೊಂದನ್ನು ಬಂಡೆಗೆ ಸಿಕ್ಕಿಸಿಕೊಂಡು ಗಾಲಿ ನಿಂತಲ್ಲೇ ತಿರುಗಿಸಿ ಟೈರು ಸುಡುತ್ತಿದ್ದ ಯುವಕರನ್ನು ದಾಟಿ ಚಿಗವ್ವನ ಜೀಪು ಆಮೆಯಂತೆ ಮೇಲೆ ಹೋಯಿತು. ಇಂಜಿನ್ ಎಷ್ಟು ಅಶ್ವಶಕ್ತಿಯದು ಎಂದು ಅವರು ಕೂಗಿ ಕೇಳಿದರು. "ಕುದುರಿ ಎಣಸೂದು ಬಿಟ್ಟು ಹಲ್ಲು ಎಣಸ್ರೆಪಾ" ಎಂದಳು. ಆಮೇಲೆ ಹಗ್ಗ ಕಟ್ಟಿ ಅವರನ್ನು ಎಳೆದೂ ಕೊಟ್ಟಳು.

ಇದೆಲ್ಲ ಹುಚ್ಚು ಎಂದೇ ನಾನು ತಿಳಿದಿದ್ದೆ. ದೀಪಾವಳಿ ಮುಗಿದ ಒಂದು ಭಾನುವಾರ ಬೆಳಿಗ್ಗೆ ಅವಳು ನೇರವಾಗಿ ನಮ್ಮ ಮನೆಯೊಳಗೆ ಬಂದು, ಅವ್ವನ ಮುಂದೆ ನಿಂತು, "ಏಳಕ್ಕಾ, ಗುಡ್ಡಕ್ಕ ಹೋಗೂಣು" ಎಂದಳು.

ಅವ್ವ ಬಿದ್ದು ಸೊಂಟ ಮುರಿದುಕೊಂಡು, ಆಪರೇಷನ್ ಆಗಿ ಎರಡು ವರ್ಷವಾಗಿತ್ತು. ಹೆಚ್ಚು ಕುಲುಕಾಟ ಆಗಬಾರದು ಎಂದು ಡಾಕ್ಟರು ಹೇಳಿದ್ದರು. ಅಷ್ಟಕ್ಕೇ ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಒಮ್ಮೆ, "ನಮ್ಮೂರ ಗುಡ್ಡ ಏರೂದು ಇನ್ನ ಮುಗೀತು" ಎಂದಿದ್ದಳಂತೆ. ಆಗ ನಾನೂ ಪಕ್ಕದಲ್ಲೇ ಇದ್ದೆ. ಕೇಳಿಸಿಕೊಂಡವಳು ಚಿಗವ್ವ ಒಬ್ಬಳೇ.

ಹೊರಗೆ ಬಂದು ನೋಡಿದರೆ, ಜೀಪಿನ ಎಡಗಡೆಗೆ ಮಾತ್ರ ಹೊಸದಾಗಿ ಮೂರು ಅಗಲವಾದ ಮೆಟ್ಟಿಲು, ಹಿಡಿಯಲು ಕಂಬಿ. ಸೀಟಿನ ಮೇಲೆ ಎರಡು ಮಡಿಕೆ ಹಾಕಿದ ಮೆತ್ತನೆಯ ಕೌದಿ.

ಅವರ ತವರೂರು ಇರುವುದು ಮಂಗಳೂರಿನ ಆಚೆ. ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಊರ ಹಿಂದಿನ ಗುಡ್ಡಕ್ಕೆ ದಾರಿ ಎಂಬುದಿಲ್ಲ, ಕಲ್ಲಿದೆ ಅಷ್ಟೇ. ಚಿಗವ್ವ ಎಲ್ಲಕ್ಕಿಂತ ಸಣ್ಣ ಗೇರು ಹಾಕಿದಳು. ಜೀಪು ಒಂದೊಂದು ಕಲ್ಲನ್ನೂ ಅಪ್ಪಣೆ ಕೇಳಿ ಕಾಲಿಟ್ಟಂತೆ ಏರತೊಡಗಿತು. ಅರ್ಧ ಗುಡ್ಡದವರೆಗೆ ಅವ್ವ, "ಕೊಲ್ತೀ ಏನು ಹುಚ್ಚಿ, ತಿರುಗಿಸು" ಎಂದು ಬಯ್ಯುತ್ತಲೇ ಇದ್ದಳು. ಆಮೇಲೆ ಬೈಗುಳ ನಿಂತಿತು. ನೋವಾಯಿತೇನೋ ಎಂದು ಹಿಂದಿನ ಸೀಟಿನಿಂದ ಬಗ್ಗಿ ನೋಡಿದೆ. ಅವಳು ಕೆಳಗಿನ ಹಳ್ಳವನ್ನೂ ಅದರಾಚೆಯ ಕಡಲೆ ಹೊಲಗಳನ್ನೂ ನೋಡುತ್ತಿದ್ದಳು.

ಗುಡ್ಡದ ತಲೆಯ ಮೇಲೆ ಸೀತಾಫಲದ ಪೊದೆಗಳಿದ್ದವು. ಚಿಗವ್ವ ಹಣ್ಣು ಕಿತ್ತು ತಂದಳು. ಅಕ್ಕತಂಗಿಯರು ಸೀಟಿನಲ್ಲೇ ಕುಳಿತು ತಿಂದರು. ಅವ್ವ ಒಂದು ಬೀಜವನ್ನು ಬಾಯಿಂದ ದೂರಕ್ಕೆ ಉಗುಳಿ, "ಅಷ್ಟು ದೂರ ನಿನಗ ಆಗಂಗಿಲ್ಲ" ಎಂದಳು. ಚಿಗವ್ವ ಪ್ರಯತ್ನಿಸಿದಳು. ಆಗಲಿಲ್ಲ. ಹೀಗೆ ಎಷ್ಟೋ ಹೊತ್ತು ಕಳೆಯಿತು.

ಬಿಸಿಲು ಇಳಿದಾಗ ಚಿಗವ್ವ ಇಂಜಿನ್ ಶುರು ಮಾಡಿದಳು. ಅವ್ವ ಹೊಲಗಳ ಕಡೆ ನೋಡುತ್ತಲೇ, "ಇಳಿಯೂವಾಗ ಇನ್ನಷ್ಟು ಹಗೂರ ಇಳಸ" ಎಂದಳು.

"ನೋವು ಆಗಾಕತ್ತೈತೇನು?"

"ಇಲ್ಲ."

ಚಿಗವ್ವ ಅವಳ ಮುಖ ನೋಡಿದಳು. "ಇದಕ್ಕಿಂತ ಹಗೂರ ಗೇರು ಇಲ್ಲಕ್ಕಾ" ಎಂದಳು. ಆಮೇಲೆ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದಳು. ಅವ್ವ ಇನ್ನೊಂದು ಸೀತಾಫಲ ಬಿಡಿಸಿದಳು.