ಹದಿನಾಲ್ಕನೆಯ ಹಲಗೆ

ಪೇಂಟರ್ ತನ್ನ ಅಕ್ಷರ ತೋರಿಸಲು ಹೆಡ್‌ಮಿಸ್ಟ್ರೆಸ್ಸನ್ನು ಸಿನಿಮಾಕ್ಕೆ ಕರೆದದ್ದೇ ತಪ್ಪಾಯಿತು.

ಶಾಲೆಯ ಹೊಸ ಕಟ್ಟಡಕ್ಕೆ ಇಪ್ಪತ್ತೆರಡು ಅಡಿ ಉದ್ದದ ಬೋರ್ಡು ಬರೆಯಬೇಕಿತ್ತು. "ನಿಮ್ಮ ಅಕ್ಷರ ನೋಡಿ ಹೇಳ್ತೀನಿ," ಎಂದಿದ್ದರು ಆಕೆ. ಅದೇ ವಾರ ಪೇಂಟರ್ ಕೆಲಸ ಮಾಡಿದ್ದ ಸಿನಿಮಾ ತೆರೆಕಂಡಿತು. ಮಹಾ ಬುದ್ಧಿವಂತ ವಿಜ್ಞಾನಿಯೊಬ್ಬನ ನರಗಳು ವರ್ಷದಿಂದ ವರ್ಷಕ್ಕೆ ಸೋಲುವ ಕತೆ. ವಿಜ್ಞಾನಿಯ ಕಪ್ಪುಹಲಗೆಗಳನ್ನೆಲ್ಲ ಬರೆದದ್ದು ಪೇಂಟರ್. ಒಟ್ಟು ಹದಿನಾಲ್ಕು. ಹದಿಮೂರು ಮುತ್ತು ಪೋಣಿಸಿದಂತಿದ್ದವು. ಕೊನೆಯದು ಮಾತ್ರ ರೋಗಿಯ ಬರಹ. ಅದಕ್ಕಾಗಿ ಎಡಗೈಗೆ ಎರಡು ಕಿಲೋ ತೂಕ ಕಟ್ಟಿಕೊಂಡು ವಾರವಿಡೀ ಅಭ್ಯಾಸ ಮಾಡಿದ್ದ.

"ಪರದೆ ಮೇಲೆ ನೀವು ಬರ್ತೀರಾ?" ಹೆಂಡತಿ ಕೇಳಿದಳು.

"ನಾನ್ಯಾಕೆ? ನನ್ನ ಅಕ್ಷರ ಬಂದ್ರೆ ಸಾಲ್ದೇನೇ?"

ಥಿಯೇಟರಿನಲ್ಲಿ ಅವನ ಎಡಕ್ಕೆ ಹೆಡ್‌ಮಿಸ್ಟ್ರೆಸ್, ಬಲಕ್ಕೆ ಹೆಂಡತಿ, ಹಿಂದಿನ ಸಾಲಿನಲ್ಲಿ ಪಕ್ಕದ ಮನೆ ಟೈಲರ್. ಮೊದಲ ಹಲಗೆ ಬಂತು. ನಾಯಕ ಅದರ ಮುಂದೆ ಬೀರುವಿನಂತೆ ನಿಂತುಬಿಟ್ಟ.

"ಮೇಡಂ, ಅವನ ಬೆನ್ನ ಹಿಂದೆ ಇರೋದು ನಂದೇ," ಎಂದ ಪೇಂಟರ್.

"ಕೋಟಿನ ಹೊಲಿಗೆ ಚೆನ್ನಾಗಿದೆ," ಎಂದ ಟೈಲರ್.

ಹದಿಮೂರು ಹಲಗೆಗೂ ಅದೇ ಬೆನ್ನು. ಹದಿನಾಲ್ಕನೆಯದು ಮಾತ್ರ ಪರದೆ ತುಂಬ ಬಂತು. ಜಿರಲೆ ಸುಣ್ಣದಲ್ಲಿ ಬಿದ್ದು ಎದ್ದು ನಡೆದಂಥ ಅಕ್ಷರ! ಥಿಯೇಟರಿನ ತುಂಬ ಬಿಕ್ಕಿ ಅಳುವ ಸದ್ದು. ಕೊನೆಯಲ್ಲಿ 'ಹಲಗೆ ಬರಹ' ಎಂದು ಪೇಂಟರನ ಹೆಸರೂ ಮೂಡಿತು.

ಹೊರಗೆ ಬಂದ ಹೆಡ್‌ಮಿಸ್ಟ್ರೆಸ್ ಕಣ್ಣೊರೆಸಿಕೊಂಡರು. "ಎಷ್ಟು ದಿನದಿಂದ ಹೀಗೆ?"

"ಏನು ಮೇಡಂ?"

"ಕೈ ನಡುಕ."

"ಅಯ್ಯೋ, ಅದು ಬೇಕಂತಲೇ ಬರೆದಿದ್ದು!"

"ನಮ್ಮಪ್ಪನೂ ಹೀಗೇ ಒಪ್ಕೊಳ್ತಿರಲಿಲ್ಲ."

ಪೇಂಟರ್ ಟಿಕೆಟಿನ ಬೆನ್ನಿಗೆ ಬರೆದು ತೋರಿಸಲು ಪೆನ್ನು ತೆಗೆದ. ಸುತ್ತ ಹನ್ನೆರಡು ತಲೆ ಬಗ್ಗಿದವು. ಟೈಲರ್ ಉಸಿರು ಬಿಗಿಹಿಡಿದು ಅವನ ಮೊಣಕೈಗೆ ಆಸರೆ ಕೊಟ್ಟ. ಇಷ್ಟು ಜನರ ಕಣ್ಣೆದುರು ಪೇಂಟರನ ಕೈ, ಜನ್ಮದಲ್ಲೇ ಮೊದಲ ಬಾರಿಗೆ, ಗಡಗಡ ನಡುಗಿತು.

"ಪಾಪ," ಎಂದ ಟೈಲರ್.

"ನಿಮಗೆ ಏಣಿ ಹತ್ತೋ ಕೆಲಸ ಬೇಡ," ಎಂದರು ಹೆಡ್‌ಮಿಸ್ಟ್ರೆಸ್. "ಬೋರ್ಡನ್ನ ಹಿಂದಿನ ಬೀದಿ ಪೇಂಟರ್ ಬರೀಲಿ. ಅನಾವರಣಕ್ಕೆ ನೀವೇ ಮುಖ್ಯ ಅತಿಥಿ. ಇಂಥ ಧೈರ್ಯ ನಮ್ಮ ಮಕ್ಕಳು ನೋಡ್ಬೇಕು."

ಹಿಂದಿನ ಬೀದಿಯವನ 'ಳ' ಯಾವಾಗಲೂ ಮಗ್ಗುಲಾಗಿ ಮಲಗಿರುತ್ತಿತ್ತು.

ದಾರಿಯಲ್ಲಿ ಹೆಂಡತಿ ನಿಟ್ಟುಸಿರಿಟ್ಟಳು. "ಕೆಲಸ ಹೋಯ್ತಲ್ರೀ."

"ಹೋಗ್ಲಿ ಬಿಡೇ," ಎಂದು ಪೇಂಟರ್ ಎದೆಯುಬ್ಬಿಸಿದ. "ಥಿಯೇಟರಿಗೆ ಥಿಯೇಟರೇ ನಂಬಿತಲ್ಲ! ಆ ಹಿಂದಿನ ಬೀದಿಯವನು ಸೊಟ್ಟಗೆ ಬರೀತಾನೆ, ನಿಜ. ಯಾರಾದ್ರೂ ಅತ್ತಿದ್ದಾರಾ?"