ಲ್ಯಾಟಿನ್ನಿನ ವೇಗ, ಅವ್ವನ ರೊಟ್ಟಿ

ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವವರು ಬುದ್ಧಿವಂತರೆಂದು ಜನ ನಂಬುತ್ತಾರೆ. ಅದು ಸುಳ್ಳೆನ್ನಲು ನನ್ನ ದಿನಚರಿಯೇ ಸಾಕು. ಅದರಲ್ಲಿ ಎರಡು ಶನಿವಾರಗಳ ಕೆಳಗೆ ಒಂದೇ ಮಾತಿದೆ: "ಕೆಲೆರಿತಾಸ್: ಫೇಲು."

ಕೆಲೆರಿತಾಸ್ ಎಂದರೆ ಲ್ಯಾಟಿನ್ನಿನಲ್ಲಿ ವೇಗ. ನಾವಿರುವ ಗೋವಾದ ವಾಸ್ಕೋದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಶನಿವಾರ ಸಂಜೆ ಪುಕ್ಕಟೆ ಲ್ಯಾಟಿನ್ ಕಲಿಸುತ್ತಾರೆ. ಅವರ ಬಾಯಲ್ಲಿ ಈ ಪದ ಕೇಳಿದ ದಿನ ನನಗೆ ಹುಚ್ಚೇ ಹಿಡಿಯಿತು! ನಮ್ಮ ಕನ್ನಡದ ಹಾಗೆ ಲ್ಯಾಟಿನ್ನಿಗೂ ವಿಭಕ್ತಿಗಳಿವೆ! ಪೋರ್ಚುಗೀಸಿನ ಸೆಲೆರಿದಾದ್, ಫ್ರೆಂಚಿನ ಸೆಲೆರಿತೆ, ಇಂಗ್ಲಿಷಿನ ಸೆಲೆರಿಟಿ ಎಲ್ಲ ಇದರ ಮೊಮ್ಮಕ್ಕಳು. ಬೆಳಕಿನ ವೇಗಕ್ಕೆ ಹಾಕುವ 'ಸಿ' ಅಕ್ಷರವೂ ಇದರದೇ ಅಂತೆ! ಆದರೆ ವಿಭಕ್ತಿ ರೂಪಗಳನ್ನು ತಡೆಯದೆ ಹೇಳಿದವರಿಗೆ ಮಾತ್ರ ಮುಂದಿನ ವರ್ಗ. ಎರಡು ಸಲ ಮುಗ್ಗರಿಸಿದ ನನಗೆ ಉಳಿದದ್ದು ಒಂದೇ ಶನಿವಾರ.

ಅಪ್ಪ ಬಂದರಿನ ಕೆಲಸಕ್ಕೆ ಹೊರಡುವ ಮುಂಚೆ ಅವ್ವ ಜೋಳದ ರೊಟ್ಟಿ ಬಡಿಯುತ್ತಾಳೆ. ನಾನು ಪಕ್ಕದಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ.

"ಅವ್ವಾ, ಈ ಶಬ್ದ ಸ್ತ್ರೀಲಿಂಗ ಐತಿ!"

"ಇರಬೇಕಲ್ಲ ಮತ್ತ. ಈ ಮನ್ಯಾಗ ಲಗೂ ಲಗೂ ಕೆಲಸ ಮಾಡಾಕಿ ಯಾರದಾರ?"

"ಸಂಬೋಧನೆನೂ ಐತಿ. 'ಎಲೈ ವೇಗವೇ' ಅಂತ ಕರೀಬಹುದು."

"ಕರದು ನೋಡು. ಬಂದ್ರ ನಿಮ್ಮಪ್ಪಗ ಬುತ್ತಿ ಕಟ್ಟಾಕ ಹಚ್ಚೂಣು."

ಹೀಗೆಂದು ಅವ್ವ ರೊಟ್ಟಿಗೆ ಮತ್ತೆ ಏಟು ಕೊಟ್ಟಳು. ಆ ತಾಳಕ್ಕೆ ನನ್ನ ನಾಲಿಗೆ ತಾನೇ ಹೊರಳಿತು: ಕೆಲೆರಿತಾಸ್, ಕೆಲೆರಿತಾತಿಸ್, ಕೆಲೆರಿತಾತಿ, ಕೆಲೆರಿತಾತೆಮ್, ಕೆಲೆರಿತಾತೆ! ವಾರವಿಡೀ ಒಂದು ಸಲವೂ ತಪ್ಪಲಿಲ್ಲ.

ಶನಿವಾರ ಮೇಷ್ಟ್ರ ಮುಂದೆ ನಿಂತೆ. ಮೊದಲ ರೂಪ ಹೊರಬಂತು. ಎರಡನೆಯದು ಎಲ್ಲೋ ತಪ್ಪಿಸಿಕೊಂಡಿತು. ಅಲ್ಲಿ ಅವ್ವನೂ ಇಲ್ಲ, ರೊಟ್ಟಿಯೂ ಇಲ್ಲ. ಆಗ ನನ್ನ ಕೈಗೇ ಮರುಕ ಬಂದಿರಬೇಕು. ಅದು ಮೇಜನ್ನೇ ಬಡಿಯತೊಡಗಿತು, ನಡುನಡುವೆ ಇಲ್ಲದ ರೊಟ್ಟಿಯನ್ನು ತಿರುಗಿಸತೊಡಗಿತು. ರೂಪಗಳೆಲ್ಲ ಒಂದರ ಹಿಂದೆ ಒಂದು ನುಗ್ಗಿದವು!

"ಸಾವಕಾಸ ಪುತಾ, ಸಾವಕಾಸ!" ನಿಧಾನ ಮಗಾ ಎಂದು ಕೊಂಕಣಿಯಲ್ಲಿ ಕೂಗುತ್ತ ಮೇಷ್ಟ್ರು ಕುಣಿಯುತ್ತಿದ್ದ ಚಹದ ಕಪ್ಪನ್ನು ಎರಡೂ ಕೈಯಿಂದ ಹಿಡಿದುಕೊಂಡರು. ನನ್ನನ್ನು ಪಾಸು ಮಾಡಿದ್ದು ವಿದ್ಯೆಗೋ, ಕಪ್ಪು ಉಳಿಯಲೆಂದೋ ನಾನು ಕೇಳಲಿಲ್ಲ.

ಮನೆಗೆ ಓಡಿ ಬಂದು ಎಲ್ಲವನ್ನೂ ಕೈಸಮೇತ ಮಾಡಿ ತೋರಿಸಿದೆ. ಅವ್ವ ಗಂಭೀರವಾಗಿ ನೋಡಿ, "ಚಲೋ ಆತು, ಕೈ ಪಳಗೇತಿ. ನಾಳೆ ರೊಟ್ಟಿ ನೀನ ಬಡಿ" ಎಂದಳು.

ಬಡಿದೆ, ಅದೇ ತಾಳದಲ್ಲಿ. ಮೊದಲನೆಯದು ಹರಿದು ಗೋವಾದ ನಕಾಶೆಯಾಯಿತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು. ಅಪ್ಪ ಚಪ್ಪಲಿ ಹಾಕಿಕೊಂಡು ಬುತ್ತಿಗೆ ಕಾಯುತ್ತ ಬಾಗಿಲಲ್ಲೇ ನಿಂತಿದ್ದ.

ಅಂದಿನ ದಿನಚರಿ: "ವೇಗದಲ್ಲಿ ಪಾಸಾದ ಮರುದಿನ. ಅಪ್ಪನ ಬಸ್ಸು ತಪ್ಪಿತು."